ಮೆಸೇಜ್ ಫ್ರೀ ಆಯ್ತು, ಅಮ್ಮನ ರೀಚಾರ್ಜ್ ಯಾಕೆ ದುಬಾರಿ ಆಯ್ತು?

ನಮ್ಮೂರು ಧರ್ಮಪುರ, ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರ. ಊರಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಆಂಧ್ರ ಶುರು. ಅಲ್ಲಿನ ಅಮರಾಪುರ, ಹೇಮಾವತಿ ಕಡೆ ಇಂದಿಗೂ ಕನ್ನಡ ಮಾತು ಕೇಳಿಸುತ್ತೆ. ಹೆಣ್ಣು ಕೊಡೋದು, ತರೋದು ನಡೀತಾನೇ ಇದೆ. ನಮ್ಮಕ್ಕನನ್ನ ಕೊಟ್ಟಿರೋದೂ ಅಮರಾಪುರಕ್ಕೇ.

ಆದರೆ ಮೊಬೈಲ್ ಕಂಪನಿಗಳ ಲೆಕ್ಕವೇ ಬೇರೆ. ನಾವು ಕರ್ನಾಟಕ ಸರ್ಕಲ್, ಅಕ್ಕ ಆಂಧ್ರ ಸರ್ಕಲ್. 2010ರ ಸುಮಾರಿಗೆ ನನ್ನ ಸಿಮ್‌ನಿಂದ ದೂರದ ಬೆಂಗಳೂರಿಗೆ ಎಸ್‌ಎಂಎಸ್ ಕಳಿಸಿದರೆ ಲೋಕಲ್, 1 ರೂಪಾಯಿ. ಪಕ್ಕದಲ್ಲೇ ಇರೋ ಅಕ್ಕನಿಗೆ ಕಳಿಸಿದರೆ ಎಸ್‌ಟಿಡಿ, 1.50 ರೂಪಾಯಿ. ಇವತ್ತು ವಾಟ್ಸಾಪ್‌ನಲ್ಲಿ ಅಕ್ಕನ ಜೊತೆ ದಿನಾ ಮಾತಾಡ್ತೀನಿ, ಮೆಸೇಜಿಗೆ ಒಂದು ಪೈಸೆಯೂ ಕಟ್ ಆಗಲ್ಲ. ಹಾಗಾದರೆ ಆ ಖರ್ಚು ನಿಜವಾಗಿ ಹೋಯ್ತಾ? ಮೊನ್ನೆ ಅಮ್ಮನ ಕೀಪ್ಯಾಡ್ ಫೋನಿಗೆ ರೀಚಾರ್ಜ್ ಮಾಡಿಸುವಾಗ ಈ ಪ್ರಶ್ನೆ ಎದ್ದಿತು.

ಕನ್ನಡಕ್ಕೆ ಡಬಲ್ ರೇಟು

ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸೋದು 140 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಗಳಾದರೆ 160 ಹಿಡಿಸುತ್ತವೆ. ಕನ್ನಡ ಯೂನಿಕೋಡ್‌ನಲ್ಲಿ ಬರೆದರೆ ಬರೀ 70. ಅದರಲ್ಲೂ ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. 'ಕ್ಕ' ನಮ್ಮ ಕಣ್ಣಿಗೆ ಒಂದಕ್ಷರ, ಎಸ್‌ಎಂಎಸ್‌ಗೆ ಮೂರು.

'ಅಕ್ಕ, ಅಪ್ಪನಿಗೆ ಹುಷಾರಿಲ್ಲ. ಹಿರಿಯೂರು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ. ಬೇಗ ಬಾ.' ಇಷ್ಟಕ್ಕೇ 74 ಆಯ್ತು. ಅಂದರೆ ಎರಡು ಎಸ್‌ಎಂಎಸ್, ಅಮರಾಪುರಕ್ಕೆ 3 ರೂಪಾಯಿ. ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದರಲ್ಲೇ ಮುಗಿಯುತ್ತೆ. ನಮ್ಮ ತಲೆಮಾರು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು ಕಲಿತದ್ದು ಬರೀ ಶೋಕಿಗಲ್ಲ. ಆಗಿನ ಎಷ್ಟೋ ಫೋನುಗಳಲ್ಲಿ ಕನ್ನಡ ಮೂಡುತ್ತಲೇ ಇರಲಿಲ್ಲ. ಮೂಡಿದರೂ ದುಬಾರಿ.

ಇಷ್ಟು ವಸೂಲಿ ಮಾಡುವಂಥ ಖರ್ಚು ಕಂಪನಿಗಿತ್ತಾ? ಫೋನು ಮತ್ತು ಟವರ್ ಪರಸ್ಪರ ಸಂಪರ್ಕದಲ್ಲಿರೋಕೆ ಹೇಗೂ ಬಳಸುವ ಸಿಗ್ನಲಿಂಗ್ ದಾರಿಯಲ್ಲೇ ಎಸ್‌ಎಂಎಸ್ ಸಾಗುತ್ತೆ. ಒಂದು ಕಂಪನಿಯ ಎಸ್‌ಎಂಎಸ್‌ ಅನ್ನು ಇನ್ನೊಂದು ಕಂಪನಿ ತನ್ನ ಗ್ರಾಹಕರಿಗೆ ತಲುಪಿಸೋಕೆ 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಗದಿ ಮಾಡಿದ ಶುಲ್ಕ 2 ಪೈಸೆ. ನಾವು ಕೊಡ್ತಿದ್ದದ್ದು 100 ಪೈಸೆ, 150 ಪೈಸೆ.

ತಪ್ಪಿಸಿಕೊಳ್ಳೋ ದಾರಿಗಳು

ಹಾಗಾಗಿ ಜನ ಉಪಾಯ ಹುಡುಕಿದರು. ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ 'ಬಸ್ ಹತ್ತಿದೆ', ಎರಡು ಕೊಟ್ಟರೆ 'ಮನೆ ಸೇರಿದೆ'. ಹಿರಿಯೂರಿನ ಸೈಬರ್ ಸೆಂಟರ್‌ನಲ್ಲಿ ಕೂತು ವೇಟುಎಸ್‌ಎಂಎಸ್ ವೆಬ್‌ಸೈಟಿಂದ ಪುಕ್ಕಟೆ ಮೆಸೇಜ್ ಕಳಿಸ್ತಿದ್ದೆವು. ಎಸ್‌ಎಂಎಸ್ ಪ್ಯಾಕ್ ಹಾಕಿಸಿಕೊಂಡರೂ ಹೊಸ ವರ್ಷ, ದೀಪಾವಳಿಯಂಥ ದಿನಗಳಲ್ಲಿ ಅದು ನಡೀತಿರಲಿಲ್ಲ. ಅವು 'ಬ್ಲ್ಯಾಕ್‌ಔಟ್ ಡೇ', ಆವತ್ತು ಪೂರ್ತಿ ರೇಟು. 2011ರ ಸೆಪ್ಟೆಂಬರ್‌ನಲ್ಲಿ ಟ್ರಾಯ್, ಜಾಹೀರಾತು ಮೆಸೇಜುಗಳ ಕಾಟ ತಡೆಯೋಕೆ ಅಂತ, ಒಂದು ಸಿಮ್‌ಗೆ ದಿನಕ್ಕೆ 100 ಎಸ್‌ಎಂಎಸ್ ಮಿತಿ ಹಾಕಿತು. ನವೆಂಬರ್‌ನಲ್ಲಿ ಅದನ್ನ 200ಕ್ಕೆ ಏರಿಸಿತು.

ಆಮೇಲೆ ವಾಟ್ಸಾಪ್ ಬಂತು. ಅದು ಶುಲ್ಕ ತಪ್ಪಿಸೋದು ಹೇಗೆ ಅಂದರೆ, ಎಸ್‌ಎಂಎಸ್ ದಾರಿಯನ್ನೇ ಬಿಟ್ಟು ಇಂಟರ್ನೆಟ್ ಡೇಟಾದ ಮೇಲೆ ಸಾಗುತ್ತೆ. ಪಠ್ಯ ಮೆಸೇಜಿಗೆ ಬೇಕಾಗೋ ಡೇಟಾ ತೀರಾ ಕಡಿಮೆ. ಡೇಟಾಗೆ ಲೋಕಲ್, ಎಸ್‌ಟಿಡಿ ಅನ್ನೋ ಭೇದವಿಲ್ಲ, 70 ಅಕ್ಷರದ ಗೋಡೆಯೂ ಇಲ್ಲ. ಸಿಗ್ನಲ್, ಟೆಲಿಗ್ರಾಂ ಕೆಲಸ ಮಾಡೋದೂ ಹೀಗೇ. ಅಕ್ಕನಿಗೆ ನಾನು ಮೊದಲ ಸಲ ಕನ್ನಡ ಲಿಪಿಯಲ್ಲಿ ಧಾರಾಳವಾಗಿ ಬರೆದದ್ದು ಆಗಲೇ.

ಕಂಪನಿಗಳು ಸುಮ್ಮನಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್, ಇಂಟರ್ನೆಟ್ ಕರೆಗಳಿಗೆ ಬೇರೆ ದರ ಹಾಕ್ತೀವಿ ಅಂತ ಪ್ರಕಟಿಸಿ, ವಿರೋಧ ಬಂದಮೇಲೆ ಹಿಂದೆ ಸರಿಯಿತು. 2015ರ ಮಾರ್ಚ್‌ನಲ್ಲಿ ಇಂಥ ಆಪ್‌ಗಳನ್ನ ನಿಯಂತ್ರಿಸಬೇಕಾ ಅಂತ ಟ್ರಾಯ್ ಅಭಿಪ್ರಾಯ ಕೇಳಿದಾಗ 10 ಲಕ್ಷಕ್ಕೂ ಹೆಚ್ಚು ಇ-ಮೇಲ್ ಹೋದವು. 2016ರ ಫೆಬ್ರವರಿ 8ರಂದು, ಯಾವ ಆಪ್, ಯಾವ ಸೈಟ್ ಅಂತ ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕೋ ಹಾಗಿಲ್ಲ ಅಂತ ಟ್ರಾಯ್ ನಿಯಮ ಮಾಡಿತು. ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಇಲ್ಲಿ ನಿಂತದ್ದೂ ಇದರಿಂದಲೇ. ಇವತ್ತು ವಾಟ್ಸಾಪ್ ಮೆಸೇಜಿಗೆ ಬೇರೆ ರೇಟು ಇಲ್ಲದಿರೋದರ ಹಿಂದೆ ಈ ಹೋರಾಟ ಇದೆ.

ಖರ್ಚು ಎಲ್ಲಿಗೆ ಹೋಯ್ತು?

ಒಂದೊಂದು ಮೆಸೇಜಿನ ಶುಲ್ಕ ಹೋಯ್ತು ನಿಜ. ಅದರ ಜಾಗಕ್ಕೆ ತಿಂಗಳ ಪ್ಯಾಕ್ ಬಂತು. 2018ರ ಕೊನೆಗೆ ದೊಡ್ಡ ಕಂಪನಿಗಳು, ಸಿಮ್ ಜೀವಂತವಾಗಿರಬೇಕಾದರೆ ಕನಿಷ್ಠ 35 ರೂಪಾಯಿ ರೀಚಾರ್ಜ್ ಮಾಡಿಸಲೇಬೇಕು ಅನ್ನೋ ಪದ್ಧತಿ ತಂದವು. ಇನ್‌ಕಮಿಂಗ್ ಲೈಫ್‌ಟೈಮ್ ಫ್ರೀ ಅನ್ನೋ ಕಾಲ ಅಲ್ಲಿಗೆ ಮುಗೀತು. 2024ರ ಜುಲೈನಲ್ಲಿ ಏರ್‌ಟೆಲ್‌ನ 28 ದಿನಗಳ ಅನ್‌ಲಿಮಿಟೆಡ್ ಕರೆಯ ಪ್ಲಾನ್ 179ರಿಂದ 199 ರೂಪಾಯಿಗೆ ಏರಿತು. ಅದರಲ್ಲಿ 2 ಜಿಬಿ ಡೇಟಾನೂ ಸೇರಿದೆ.

ನಮ್ಮಂಥವರಿಗೆ ಅದು ನಡೆಯುತ್ತೆ. ಅಮ್ಮನಿಗೆ? 'ನಾನು ನೆಟ್ಟೂ ನೋಡಲ್ಲ, ಮೆಸೇಜೂ ಮಾಡಲ್ಲ. ನಿಮ್ಮಕ್ಕನ ಫೋನು ಬಂದರೆ ಎತ್ತೋಕೆ ಇನ್ನೂರು ರೂಪಾಯಾ?' ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ನನ್ನ 'ಫ್ರೀ' ಮೆಸೇಜಿಗೆ ದಾರಿಯಾದ ಡೇಟಾಗೆ, ಡೇಟಾ ಬಳಸದ ಅಮ್ಮನೂ ದುಡ್ಡು ಕೊಡ್ತಿದ್ದಾಳೆ.

ರೀಚಾರ್ಜ್ ಬಿಟ್ಟುಬಿಡೋ ಹಾಗೂ ಇಲ್ಲ. ಬ್ಯಾಂಕಿನ ಒಟಿಪಿ, ಖಾತೆಗೆ ಹಣ ಬಂದ ಸುದ್ದಿ ಬರೋದು ಎಸ್‌ಎಂಎಸ್‌ನಲ್ಲೇ. ವಾಟ್ಸಾಪ್ ಹಾಕಿಕೊಳ್ಳೋಕೂ ಚಾಲ್ತಿಯಲ್ಲಿರೋ ನಂಬರ್ ಬೇಕು. ಕಂಪನಿ ಬದಲಿಸಬೇಕಾದರೆ 1900ಕ್ಕೆ ಎಸ್‌ಎಂಎಸ್ ಕಳಿಸಬೇಕು. ಕೆಲವು ಅಗ್ಗದ ಪ್ಯಾಕ್‌ಗಳಲ್ಲಿ ಎಸ್‌ಎಂಎಸ್ ಸೌಲಭ್ಯವೇ ಇರಲಿಲ್ಲ. ಅಂದರೆ ಬಡ ಗ್ರಾಹಕ ಬೇಸತ್ತರೂ ಕಂಪನಿ ಬಿಟ್ಟು ಹೋಗೋಕೆ ಆಗ್ತಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಟ್ರಾಯ್, ಯಾವ ಪ್ಯಾಕ್ ಇದ್ದರೂ 1900ಕ್ಕೆ ಎಸ್‌ಎಂಎಸ್ ಹೋಗಲೇಬೇಕು ಅಂತ ಆದೇಶಿಸಬೇಕಾಯ್ತು.

ಆಪ್ ಕೂಡ ಧರ್ಮಕ್ಕೆ ನಡೀತಿಲ್ಲ. ಫೇಸ್‌ಬುಕ್ 2014ರಲ್ಲಿ 1,900 ಕೋಟಿ ಡಾಲರ್‌ಗೆ ವಾಟ್ಸಾಪ್ ಕೊಳ್ಳೋಕೆ ಒಪ್ಪಂದ ಮಾಡಿಕೊಂಡಿತು. 2021ರ ಗೋಪ್ಯತಾ ನೀತಿಯನ್ನ ಬಳಕೆದಾರರ ಮೇಲೆ ಹೇರಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಅದರ ಮೇಲೆ ಕಂಪನಿ ಮೇಲ್ಮನವಿಗೆ ಹೋಯಿತು.

ಈಗ ಏನು ಮಾಡಬಹುದು?

2024ರ ಡಿಸೆಂಬರ್‌ನಲ್ಲಿ ಟ್ರಾಯ್ ಇನ್ನೊಂದು ನಿಯಮ ತಂದಿತು: ಡೇಟಾ ಬೇಡದವರಿಗಾಗಿ ಬರೀ ಕರೆ ಮತ್ತು ಎಸ್‌ಎಂಎಸ್ ಇರೋ ಪ್ಯಾಕ್ ಕೊಡಲೇಬೇಕು. 2025ರ ಜನವರಿಯಲ್ಲಿ ಅಂಥ ಪ್ಯಾಕ್‌ಗಳು ಬಂದವು. 84 ದಿನಕ್ಕೆ ಜಿಯೋದ್ದು 448, ಏರ್‌ಟೆಲ್‌ದು 469 ರೂಪಾಯಿ. 199ರ ಪ್ಯಾಕ್ ಮೂರು ಸಲ ಹಾಕಿಸಿದರೆ 597. ಉಳಿತಾಯ ನೂರು ಚಿಲ್ಲರೆ, ಆದರೆ ಒಂದೇ ಸಲ ಅಷ್ಟು ದುಡ್ಡು ಕೊಡಬೇಕು. ಕೂಲಿ ಮಾಡಿ ಬದುಕೋರಿಗೆ ಅದೇ ಕಷ್ಟ. ಸಣ್ಣ ಮೊತ್ತದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರೋ ತಿಂಗಳ ಪ್ಯಾಕ್ ಬೇಕು ಅನ್ನೋದು ಈಗ ನಾವು ಎತ್ತಬೇಕಾದ ಬೇಡಿಕೆ.

ಮನೆಯಲ್ಲಿ ಕೀಪ್ಯಾಡ್ ಫೋನ್ ಇದ್ದರೆ ಮುಂದಿನ ಸಲ ಅಂಗಡಿಯಲ್ಲಿ 'ಡೇಟಾ ಇಲ್ಲದ ಪ್ಯಾಕ್ ಹಾಕಿ' ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ಹೇಳಲ್ಲ, ನನಗೂ ಹೇಳಿರಲಿಲ್ಲ. ಟ್ರಾಯ್ ಹೊಸ ನಿಯಮಕ್ಕೆ ಮುಂಚೆ ತನ್ನ ವೆಬ್‌ಸೈಟಿನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತೆ. 2015ರಲ್ಲಿ ನಮ್ಮ ಇಂಟರ್ನೆಟ್‌ಗಾಗಿ ಲಕ್ಷಗಟ್ಟಲೆ ಜನ ಬರೆದರು. ಇಂಟರ್ನೆಟ್ಟೇ ಇಲ್ಲದ ಅಮ್ಮಂದಿರ ಪರವಾಗಿ ಬರೆಯೋಕೆ ಆಗೋದೂ ಇಂಟರ್ನೆಟ್ ಇರೋ ನಮಗೇ.

ಅಮ್ಮನ ಫೋನಿಗೆ ಈಗ ಡೇಟಾ ಇಲ್ಲದ ಪ್ಯಾಕ್ ಹಾಕಿಸಿದ್ದೀನಿ. 'ಅಮರಾಪುರಕ್ಕೆ ಈಗಲೂ ಎಸ್‌ಟಿಡಿನಾ?' ಅಂತ ಕೇಳಿದಳು. ಇಲ್ಲ ಅಂದೆ. 'ಅಷ್ಟಾದ್ರೂ ಆಯ್ತಲ್ಲ' ಅಂದು ಅಕ್ಕನಿಗೆ ಫೋನ್ ಹಚ್ಚಿದಳು.