ಮಧ್ಯಮ ಬೆಲೆಯ ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮುನ್ನ ಅಳೆಯುವ ಬಗೆ

ಕಾಲೇಜು ಸೇರಿದ ಮಗನೋ ಮಗಳೋ ಆಟಗಳಿಗಾಗಿ ಗಣಕಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಕೇಳಿದಾಗ ಹೆತ್ತವರ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಇಷ್ಟೊಂದು ಹಣ ತೆರಬೇಕೆ? ತೆತ್ತರೆ ಆ ಕಾರ್ಡು ಎಷ್ಟು ವರ್ಷ ಬಾಳೀತು? ಮೊದಲನೆಯದಕ್ಕೆ ಉತ್ತರವನ್ನು ಆಯಾ ಮನೆಯವರೇ ಕಂಡುಕೊಳ್ಳಬೇಕು. ಎರಡನೆಯದಕ್ಕೆ ಉತ್ತರ ಹುಡುಕುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿರಲಿ, ದೆಹಲಿಯ ನೆಹರೂ ಪ್ಲೇಸ್ ಇರಲಿ, ಚೆನ್ನೈಯ ರಿಚ್ಚಿ ಸ್ಟ್ರೀಟ್ ಇರಲಿ, ಅಂಗಡಿಯಲ್ಲಿ ಮಾತು ಆರಂಭವಾಗುವುದು ‘ಬಜೆಟ್ ಎಷ್ಟು?’ ಎಂಬ ಪ್ರಶ್ನೆಯಿಂದ. 2025ರ ಮಧ್ಯಭಾಗದಲ್ಲಿ ಸ್ಥೂಲವಾಗಿ 25ರಿಂದ 50 ಸಾವಿರ ರೂಪಾಯಿಗಳ ನಡುವೆ ಸಿಗುತ್ತಿದ್ದ ಕಾರ್ಡುಗಳನ್ನು ಮಧ್ಯಮ ವರ್ಗದವೆಂದು ಎಣಿಸಬಹುದು. ಆಯ್ಕೆ ಅತಿ ಹೆಚ್ಚಾಗಿರುವುದೂ, ಗೊಂದಲ ಅತಿ ಹೆಚ್ಚಾಗಿರುವುದೂ ಈ ವರ್ಗದಲ್ಲಿಯೇ.

ಮೊದಲು ಮಾನಿಟರ್ ನೋಡಿ

ಆಟದ ದೃಶ್ಯವನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಚಿತ್ರಿಸುವುದೇ ಗ್ರಾಫಿಕ್ಸ್ ಕಾರ್ಡಿನ ಕೆಲಸ. ಇಂತಹ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 60 ಫ್ರೇಮ್‌ಗಳು ಮೂಡಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡ್ ಮಾತ್ರ.

ಕೆಲಸದ ಹೊರೆಯನ್ನು ನಿರ್ಧರಿಸುವುದು ಪರದೆ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿವೆ. 2560×1440 ಪರದೆಯಲ್ಲಿ ಅವು ಸುಮಾರು 36.9 ಲಕ್ಷ, 3840×2160 ಅಂದರೆ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಮಧ್ಯಮ ಬೆಲೆಯ ಕಾರ್ಡುಗಳು ಮುಖ್ಯವಾಗಿ ಮೊದಲೆರಡು ಬಗೆಯ ಪರದೆಗಳಿಗಾಗಿ ಇರುವಂಥವು. ಮನೆಯಲ್ಲಿರುವುದು 60 ಹರ್ಟ್ಸ್‌ನ ಹಳೆಯ ಮಾನಿಟರ್ ಆಗಿದ್ದರೆ, ಕಾರ್ಡು ಸೆಕೆಂಡಿಗೆ 140 ಫ್ರೇಮ್ ಸಿದ್ಧಪಡಿಸಿದರೂ ಪರದೆ ತೋರುವುದು 60 ಬಾರಿ ಮಾತ್ರ. ಹೆಚ್ಚುವರಿ ಹಣದ ಬಹುಭಾಗ ಕಣ್ಣಿಗೆ ಕಾಣದೆಯೇ ಉಳಿಯುತ್ತದೆ.

ಹೆಸರು ನಂಬಿ ಮೋಸಹೋಗಬೇಡಿ

‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆ ನೀರಿಗೂ ತತ್ವಾರ’ ಎಂಬ ನಮ್ಮ ಗಾದೆ ಈ ಮಾರುಕಟ್ಟೆಗೂ ಸಲ್ಲುತ್ತದೆ. ಎನ್‌ವಿಡಿಯಾ 2016ರಲ್ಲಿ ಜಿಟಿಎಕ್ಸ್ 1060 ಎಂಬ ಒಂದೇ ಹೆಸರಿನಲ್ಲಿ 6 ಜಿಬಿ ಮತ್ತು 3 ಜಿಬಿ ಮೆಮೊರಿಯ ಎರಡು ಕಾರ್ಡುಗಳನ್ನು ಮಾರಿತು. ಅವುಗಳ ಅಂತರ ಮೆಮೊರಿಗಷ್ಟೇ ಸೀಮಿತವಾಗಿರಲಿಲ್ಲ. ಮೊದಲನೆಯದರಲ್ಲಿ 1280 ಸಂಸ್ಕರಣ ಘಟಕಗಳಿದ್ದರೆ ಎರಡನೆಯದರಲ್ಲಿ 1152 ಇದ್ದವು. 2021ರಲ್ಲಿ 12 ಜಿಬಿಯೊಂದಿಗೆ ಬಂದ ಆರ್‌ಟಿಎಕ್ಸ್ 3060, ಮರುವರ್ಷ 8 ಜಿಬಿಯ ಇನ್ನೊಂದು ರೂಪವನ್ನೂ ತಾಳಿತು. ಅದರಲ್ಲಿ ಮೆಮೊರಿಯ ಹಾದಿಯೂ 192 ಬಿಟ್‌ನಿಂದ 128 ಬಿಟ್‌ಗೆ ಇಳಿದಿತ್ತು. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಹಾಗೂ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಇವೆರಡೂ 8 ಮತ್ತು 16 ಜಿಬಿಯ ಜೋಡಿ ರೂಪಗಳಲ್ಲಿ ಮಾರುಕಟ್ಟೆಗೆ ಬಂದವು.

ಆದ್ದರಿಂದ ಬಿಲ್ಲಿನಲ್ಲಿ ಮಾದರಿಯ ಹೆಸರಿನ ಜೊತೆಗೆ ಮೆಮೊರಿಯ ಪ್ರಮಾಣವನ್ನೂ ಬರೆಸಿಕೊಳ್ಳುವುದು ಒಳಿತು.

ಮೆಮೊರಿಯ ಮಹತ್ವ

ಕಾರ್ಡಿನ ಮೆಮೊರಿಯನ್ನು ಅಡುಗೆಮನೆಯ ಕಟ್ಟೆಗೆ ಹೋಲಿಸಬಹುದು. ಬೇಕಾದ ಸಾಮಗ್ರಿಯೆಲ್ಲ ಕಟ್ಟೆಯ ಮೇಲಿದ್ದರೆ ಅಡುಗೆ ಸರಾಗ. ಕಟ್ಟೆ ಕಿರಿದಾದರೆ ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಉಪ್ಪಿಗೊಮ್ಮೆ ಬೆಲ್ಲಕ್ಕೊಮ್ಮೆ ಉಗ್ರಾಣಕ್ಕೆ ಓಡಬೇಕಾಗುತ್ತದೆ. ಕಾರ್ಡಿನ ಮೆಮೊರಿ ತುಂಬಿದಾಗ ಆಗುವುದೂ ಹಾಗೆಯೇ. ದೂರದಲ್ಲಿರುವ ಗಣಕದ ಸಾಮಾನ್ಯ ಮೆಮೊರಿಯಿಂದ ಮಾಹಿತಿ ತರಿಸಬೇಕಾಗಿ, ಆಟ ನಡುನಡುವೆ ತಡವರಿಸುತ್ತದೆ.

ಈ ಬೇಡಿಕೆ ಹೆಚ್ಚಿದ್ದಕ್ಕೆ ಕಾರಣವಿದೆ. 2020ರ ನವೆಂಬರ್‌ನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರಗಳಲ್ಲಿ 16 ಜಿಬಿ ಮೆಮೊರಿಯಿತ್ತು. ದೊಡ್ಡ ಆಟಗಳು ಆ ಯಂತ್ರಗಳನ್ನು ಗಮನದಲ್ಲಿಟ್ಟು ಸಿದ್ಧವಾಗತೊಡಗಿದವು. 2023ರ ಮಾರ್ಚ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಗಣಕಯಂತ್ರಕ್ಕೆ ಬಂದಾಗ, ಉನ್ನತ ಚಿತ್ರಮಟ್ಟದಲ್ಲಿ 8 ಜಿಬಿ ಕಾರ್ಡುಗಳು ಏದುಸಿರು ಬಿಟ್ಟವು. ಮುಂದೆ ಬಂದ ತಿದ್ದುಪಡಿಗಳಿಂದ ಸ್ಥಿತಿ ಸುಧಾರಿಸಿತಾದರೂ ಮುನ್ಸೂಚನೆ ಸ್ಪಷ್ಟವಾಗಿತ್ತು.

ಮೂರು ತಿಂಗಳ ಬಳಿಕ, 299 ಡಾಲರ್ ಬೆಲೆಗೆ ಬಂದ ಆರ್‌ಟಿಎಕ್ಸ್ 4060 ಹೊತ್ತಿದ್ದುದೂ 8 ಜಿಬಿಯನ್ನೇ. ಬಹುತೇಕ ಆಟಗಳಲ್ಲಿ ಅದು 12 ಜಿಬಿಯ ಆರ್‌ಟಿಎಕ್ಸ್ 3060ಕ್ಕಿಂತ ವೇಗವಾದದ್ದು. ವಿದ್ಯುತ್ ಬಳಕೆಯೂ 170 ವ್ಯಾಟ್‌ಗೆ ಬದಲಾಗಿ 115 ವ್ಯಾಟ್ ಮಾತ್ರ. ಆದರೆ ಆಟದ ಬೇಡಿಕೆ 8 ಜಿಬಿ ಮೀರಿದ ಸನ್ನಿವೇಶಗಳಲ್ಲಿ ಹಿರಿಯ 3060 ಹೆಚ್ಚು ಸ್ಥಿರವಾಗಿರಬಲ್ಲದು. 2024ರ ಡಿಸೆಂಬರ್‌ನಲ್ಲಿ ಇಂಟೆಲ್ ತನ್ನ ಆರ್ಕ್ ಬಿ580 ಕಾರ್ಡನ್ನು 249 ಡಾಲರ್‌ಗೆ 12 ಜಿಬಿಯೊಂದಿಗೆ ಬಿಡುಗಡೆ ಮಾಡಿ ಗಮನ ಸೆಳೆದದ್ದು ಈ ಕೊರತೆಯ ಹಿನ್ನೆಲೆಯಲ್ಲಿಯೇ.

ಗಣಕದ ರ‍್ಯಾಮ್ ಅನ್ನು ಮುಂದೆಂದಾದರೂ ಹೆಚ್ಚಿಸಿಕೊಳ್ಳಬಹುದು. ಕಾರ್ಡಿನ ಮೆಮೊರಿಯನ್ನು ಬಳಕೆದಾರರು ಹೆಚ್ಚಿಸುವಂತಿಲ್ಲ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಸರಾಸರಿಯೊಂದೇ ಸಾಲದು

ಜಾಹೀರಾತುಗಳಲ್ಲಿ ಕಾಣುವುದು ಸರಾಸರಿ ಫ್ರೇಮ್‌ಗಳ ಸಂಖ್ಯೆ. ವಿಮರ್ಶೆಗಳಲ್ಲಿ ಅದರ ಪಕ್ಕದಲ್ಲಿಯೇ ‘1 ಪರ್ಸೆಂಟ್ ಲೋ’ ಎಂಬ ಇನ್ನೊಂದು ಅಂಕಿಯಿರುತ್ತದೆ. ಆಟ ಅತ್ಯಂತ ನಿಧಾನವಾಗಿದ್ದ ಶೇಕಡಾ ಒಂದು ಭಾಗದ ಲೆಕ್ಕವದು. ಎರಡು ಕಾರ್ಡುಗಳ ಸರಾಸರಿ 70 ಇದ್ದು, ಈ ಅಂಕಿ ಒಂದರಲ್ಲಿ 55, ಮತ್ತೊಂದರಲ್ಲಿ 30 ಇದ್ದರೆ, ಆಡುವವರಿಗೆ ಹಿತವಾಗುವುದು ಮೊದಲನೆಯದೇ.

ಇನ್ನೊಂದು ಎಚ್ಚರಿಕೆ ಅಗತ್ಯ. 549 ಡಾಲರ್ ಬೆಲೆಯ ಆರ್‌ಟಿಎಕ್ಸ್ 5070, ಹಿಂದಿನ ಪೀಳಿಗೆಯ ಅತ್ಯುನ್ನತ ಕಾರ್ಡಾದ 4090ಕ್ಕೆ ಸಮನೆಂದು ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ 2025ರ ಜನವರಿಯಲ್ಲಿ ಸಾರಿದರು. ಆ ಹೋಲಿಕೆ ನಿಂತಿದ್ದುದು ಕೃತಕ ಬುದ್ಧಿಮತ್ತೆಯಿಂದ ನಡುನಡುವೆ ಫ್ರೇಮ್‌ಗಳನ್ನು ಸೃಷ್ಟಿಸುವ ತಂತ್ರದ ಮೇಲೆ. ಆ ತಂತ್ರ ನಿಜವಾಗಿ ಚಿತ್ರಿಸಿದ ಒಂದು ಫ್ರೇಮಿಗೆ ಮೂರನ್ನು ಸೇರಿಸಬಲ್ಲದು. ಇದರಿಂದ ಚಲನೆ ನಯವಾಗಿ ಕಂಡರೂ ಮೌಸ್ ಒತ್ತಿದಾಗ ದೊರೆಯುವ ಸ್ಪಂದನೆ ಅದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ. ಆದ್ದರಿಂದ ಫ್ರೇಮ್ ಜನರೇಷನ್ ಇಲ್ಲದ ಅಂಕಿಗಳನ್ನೇ ಮೊದಲು ಹೋಲಿಸಬೇಕು.

ಉಳಿದ ಯಂತ್ರ ಒಪ್ಪುವುದೆ?

ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ದೊರೆಯುವ ವಿದ್ಯುತ್ತು ಗರಿಷ್ಠ 75 ವ್ಯಾಟ್. ಉಳಿದದ್ದು ಎಸ್‌ಎಂಪಿಎಸ್‌ನ ಪ್ರತ್ಯೇಕ ತಂತಿಯ ಮೂಲಕ ಬರಬೇಕು. 8 ಪಿನ್ನಿನ ಒಂದು ತಂತಿಗೆ 150 ವ್ಯಾಟ್ ಮಿತಿ. ಕ್ಯಾಬಿನೆಟ್ಟಿನೊಂದಿಗೆ ಅಗ್ಗವಾಗಿ ಬಂದ ಎಸ್‌ಎಂಪಿಎಸ್‌ಗೆ ದುಬಾರಿ ಕಾರ್ಡು ಜೋಡಿಸುವುದು ಸೋರುವ ಮಾಳಿಗೆಯ ಕೆಳಗೆ ಹೊಸ ಪೀಠೋಪಕರಣ ಇಟ್ಟಂತೆ. 4060ಕ್ಕೆ ತಯಾರಕರು ಶಿಫಾರಸು ಮಾಡಿದ್ದು 550 ವ್ಯಾಟ್‌ನ ಎಸ್‌ಎಂಪಿಎಸ್.

ಹಳೆಯ ಯಂತ್ರವುಳ್ಳವರು ಇನ್ನೆರಡು ಅಂಶಗಳನ್ನು ಗಮನಿಸಬೇಕು. 4060, ಆರ್‌ಎಕ್ಸ್ 7600, ಬಿ580 ಮೊದಲಾದವು ಸ್ಲಾಟಿನ 16 ಹಾದಿಗಳಲ್ಲಿ 8ನ್ನು ಮಾತ್ರ ಬಳಸುತ್ತವೆ. ಹಿಂದಿನ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ 3.0 ಮದರ್‌ಬೋರ್ಡಿನಲ್ಲಿ ಆ ಹಾದಿಗಳ ವೇಗವೂ ಅರ್ಧಕ್ಕಿಳಿಯುತ್ತದೆ. ಇಂಟೆಲ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಅತ್ಯಗತ್ಯ. ಅದಿಲ್ಲದ ಹಳೆಯ ಮದರ್‌ಬೋರ್ಡಿನಲ್ಲಿ ಅವುಗಳ ವೇಗ ಗಣನೀಯವಾಗಿ ಕುಗ್ಗುತ್ತದೆ.

ವಿದ್ಯುತ್ ಬಿಲ್ಲಿನ ಭಯ ಅಷ್ಟು ದೊಡ್ಡದಲ್ಲ. ಬಿ580ಕ್ಕೆ 190 ವ್ಯಾಟ್, 4060ಕ್ಕೆ 115. ದಿನಕ್ಕೆ ಮೂರು ಗಂಟೆ ಆಡಿದರೂ ತಿಂಗಳಿಗೆ ಬೀಳುವ ವ್ಯತ್ಯಾಸ ಸುಮಾರು 7 ಯೂನಿಟ್.

ಹಳೆಯ ಕಾರ್ಡು ಕೊಳ್ಳುವವರಿಗೆ ಒಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ, ಹಗಲಿರುಳು ದುಡಿದಿದ್ದ ಅಸಂಖ್ಯ ಕಾರ್ಡುಗಳು ಮಾರಾಟಕ್ಕೆ ಬಂದವು. ಮೂಲ ಬಿಲ್ಲು, ಉಳಿದಿರುವ ವಾರಂಟಿ, ಅರ್ಧ ಗಂಟೆಯಾದರೂ ಕಣ್ಣೆದುರಿಗೆ ಆಟ ನಡೆಸಿ ನೋಡುವ ಅವಕಾಶ, ಇವು ಮೂರೂ ಇಲ್ಲದಿದ್ದರೆ ಅಗ್ಗವೆಂದು ಕೈಹಾಕದಿರುವುದೇ ಲೇಸು.

ವರ್ಷದ ಲೆಕ್ಕ

ಬೆಲೆಯನ್ನು ಸರಾಸರಿ ಫ್ರೇಮ್‌ಗಳಿಂದ ಭಾಗಿಸಿ ನೋಡುವುದು ರೂಢಿ. ಉದಾಹರಣೆಗೆ, 30 ಸಾವಿರದ ಕಾರ್ಡು 75 ಫ್ರೇಮ್ ಕೊಟ್ಟರೆ ಒಂದಕ್ಕೆ 400 ರೂಪಾಯಿ. 40 ಸಾವಿರದ್ದು 80 ಕೊಟ್ಟರೆ 500. ಮೊದಲನೆಯದೇ ಲಾಭವೆಂದು ತೋರುತ್ತದೆ. ಆದರೆ ಅದು ಮೆಮೊರಿ ಸಾಲದೆ ಮೂರು ವರ್ಷಕ್ಕೆ ಬದಲಾಗಿ, ಎರಡನೆಯದು ಐದು ವರ್ಷ ಬಾಳಿದರೆ, ವರ್ಷದ ವೆಚ್ಚ ಕ್ರಮವಾಗಿ 10 ಸಾವಿರ ಮತ್ತು 8 ಸಾವಿರ. ಲೆಕ್ಕ ತಿರುಗುಮುರುಗಾಗುತ್ತದೆ.

ಹಾಗೆಂದು ಎಲ್ಲರಿಗೂ 16 ಜಿಬಿ ಬೇಕೆಂದು ನಾವು ಹೇಳುವುದಿಲ್ಲ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್‌ನಂಥ ಆಟಗಳನ್ನು 1080 ಪರದೆಯಲ್ಲಿ ಆಡುವವರಿಗೆ 8 ಜಿಬಿ ಸಾಕು. ಹೊಸ ಹೊಸ ದೊಡ್ಡ ಆಟಗಳನ್ನು ಆಡಬಯಸುವವರು, 1440 ಪರದೆಯುಳ್ಳವರು 12 ಜಿಬಿಗಿಂತ ಕಡಿಮೆಗೆ ಒಪ್ಪದಿರುವುದು ವಿವೇಕ. ‘ಯಾವ ಆಟ, ಯಾವ ಪರದೆ, ಎಷ್ಟು ವರ್ಷ?’ ಎಂದು ಅಂಗಡಿಗೆ ಹೋಗುವ ಮುನ್ನ ಮಕ್ಕಳನ್ನೇ ಕೇಳಿ, ಉತ್ತರವನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಗಡಿಯಲ್ಲಿ ಮಾತು ಬಜೆಟ್ಟಿನಿಂದ ಆರಂಭವಾದರೂ ನಿರ್ಧಾರ ಆ ಚೀಟಿಯ ಮೇಲೆ ನಿಲ್ಲಲಿ.