ಓಟದ ದಾಖಲೆಗೆ ರಕ್ತದ ಸಾಕ್ಷಿ

ಬಾನುಲಿಯಲ್ಲಿ ಓಟದ ಹೊಸ ದಾಖಲೆಯ ಸುದ್ದಿ ಬಂದೊಡನೆ ‘ಇದು ಕಾಲಿನ ಬಲವೋ, ಮದ್ದಿನ ಬಲವೋ’ ಎಂದು ನೀವೂ ಶಂಕಿಸಿರಬಹುದು.

ನಡುದೂರದ ಓಟವೆಲ್ಲ ಉಸಿರಿನ ಲೆಕ್ಕ. ಪ್ರಾಣವಾಯುವನ್ನು ಹೊರುವ ಕೆಂಪು ರಕ್ತಕಣಗಳನ್ನು ಕಳ್ಳದಾರಿಯಲ್ಲಿ ಹೆಚ್ಚಿಸುವ ಮದ್ದುಂಟು; ಅದನ್ನು ಮೂತ್ರದಲ್ಲಿ ಹಿಡಿಯುವ ಪರೀಕ್ಷೆ ಒಲಿಂಪಿಕ್ ಕೂಟಕ್ಕೆ ಬಂದುದು 2000ದಲ್ಲಿ. 2009ರಿಂದ ಓಟಗಾರರ ರಕ್ತದ ಅಳತೆಗಳನ್ನು ವರ್ಷಗಟ್ಟಲೆ ಬರೆದಿಟ್ಟು ಹೋಲಿಸುತ್ತಾರೆ; ಅಂಗಡಿಯ ಖಾತೆಪುಸ್ತಕವೆನ್ನಿ. ಲೆಕ್ಕ ಏರುಪೇರಾದರೆ ವಿಚಾರಣೆ.

1993ರಲ್ಲಿ ಚೀನದ ಚೂ ಯುನ್‌ಶಿಯಾ 1500 ಮೀಟರನ್ನು 3 ನಿಮಿಷ 50.46 ಸೆಕೆಂಡಿನಲ್ಲಿ ಓಡಿದಾಗ ಈ ಖಾತೆಯಿರಲಿಲ್ಲ. ಸುಮಾರು 22 ವರ್ಷ ಅದು ಅಲುಗಲಿಲ್ಲ. 2023ರಲ್ಲಿ ಕೀನ್ಯದ ಫೇತ್ ಕಿಪ್ಯೆಗೊನ್ ಈ ಕಾವಲಿನಡಿಯಲ್ಲೇ 3 ನಿಮಿಷ 49.11 ಸೆಕೆಂಡಿಗೆ ಗುರಿ ಮುಟ್ಟಿದಳು. ಬೂಟಿನ ಇಂಗಾಲದ ತಗಡೂ ಅಂಚಿನ ದೀಪಸಾಲೂ ನೆರವಾದುವು, ನಿಜ. ಆದರೆ ಅವು ಎಲ್ಲರ ಕಣ್ಣಿಗೂ ಕಾಣುವಂಥವು. ಆದ್ದರಿಂದ ಮದ್ದಿಲ್ಲದೆಯೂ ದಾಖಲೆ ಮುರಿದೀತೆಂದೇ ನನ್ನ ಎಣಿಕೆ. 800 ಮೀಟರಿನ 1983ರ ಮಹಿಳಾ ದಾಖಲೆ ಮಾತ್ರ 40 ವರ್ಷ ದಾಟಿತು.