ಉತ್ತರದ ಕಥೆ, ವೆನಿಸ್ಸಿನ ಅಚ್ಚು

1788ರಲ್ಲಿ ವೆನಿಸ್ಸಿನ ಸ್ಯಾನ್ ಬೆನೆಡೆಟ್ಟೊ ರಂಗಮಂದಿರದಲ್ಲಿ ‘ಕಾಲ್ತೊ’ ಎಂಬ ಗಂಭೀರ ಒಪೆರಾ ರಂಗವೇರಿತು. ಸಾಹಿತ್ಯ ಜ್ಯುಸೆಪ್ಪೆ ಫೊಪ್ಪನದು, ಸಂಗೀತ ಫ್ರಾಂಚೆಸ್ಕೊ ಬಿಯಾಂಕಿಯದು. ಕಥೆಯ ಬೇರು ಮಾತ್ರ ಸ್ಕಾಟ್ಲೆಂಡಿನಲ್ಲಿತ್ತು. ಒಸಿಯನ್ ಎಂಬ ಪುರಾತನ ಕೆಲ್ಟಿಕ್ ಕವಿ ಹಾಡಿದ್ದೆಂದು ಹೇಳಿ ಜೇಮ್ಸ್ ಮ್ಯಾಕ್‌ಫರ್ಸನ್ 1760ರಿಂದೀಚೆಗೆ ಪ್ರಕಟಿಸಿದ ಕಾವ್ಯಗಳಲ್ಲಿ ಅದೂ ಒಂದು. ರೋಮ್, ಪರ್ಷಿಯಾಗಳ ದೊರೆಗಳನ್ನೇ ನೋಡುತ್ತ ಬಂದಿದ್ದ ಪ್ರೇಕ್ಷಕರಿಗೆ ಈ ಮಂಜಿನ ನಾಡು ಹಿಡಿಸಿದ್ದು ಅದರ ಹೊಸತನಕ್ಕೆ ಎಂದು ಯಾರಿಗಾದರೂ ಅನ್ನಿಸೀತು. ನಿಜವಾಗಿ, ಒಸಿಯನ್ ಅಲ್ಲಿ ಸಲೀಸಾಗಿ ನೆಲೆಯೂರಿದ್ದು ಒಪೆರಾದ ಹಳೆಯ ಅಚ್ಚಿಗೆ ಆಗಲೇ ಹೊಂದುವಂತಿದ್ದುದರಿಂದ.

ಮೂಲ ಕಾವ್ಯವನ್ನೇ ನೋಡಿ. ದುಂತಾಲ್ಮೊ ಎಂಬ ಕ್ರೂರಿ ರಾತ್ಮೋರನನ್ನು ಕೊಂದು, ಅವನ ಇಬ್ಬರು ಮಕ್ಕಳನ್ನು ತನ್ನ ಮನೆಯಲ್ಲೇ ಸಾಕುತ್ತಾನೆ. ಅವರು ಸೇಡು ತೀರಿಸಿಕೊಂಡಾರೆಂಬ ಭಯ ಹುಟ್ಟಿದಾಗ ಗವಿಗಳಲ್ಲಿ ಕೂಡಿಹಾಕುತ್ತಾನೆ. ಅವನದೇ ಮಗಳು ಕೋಲ್ಮಲ್ ಆ ಸೋದರರಲ್ಲೊಬ್ಬನಾದ ಕಾಲ್ತನ್‌ಗೆ ಮನಸೋತು, ಯೋಧನ ವೇಷ ತೊಟ್ಟು ಅವನನ್ನು ಬಿಡಿಸುತ್ತಾಳೆ. ಕಾಲ್ತನ್‌ನ ಸೋದರ ಸಾಯುತ್ತಾನೆ, ದುಂತಾಲ್ಮೊ ಅಳಿಯುತ್ತಾನೆ, ಪ್ರೇಮಿಗಳು ಒಂದಾಗುತ್ತಾರೆ. ದಬ್ಬಾಳಿಕೆಯ ದೊರೆ, ವೈರಿಯ ಮಗಳ ಪ್ರೇಮ, ವೇಷಾಂತರ, ಕೊನೆಗೆ ಮಿಲನ: ಇವೆಲ್ಲ ಗಂಭೀರ ಒಪೆರಾದ ಬಳಕೆಯ ಸರಕು. ‘ಕೊಮಾಲಾ’ದಂತೆ ಸಾವಿನಲ್ಲಿ ಮುಗಿಯುವ ಕಥೆಗಳು ಒಸಿಯನ್‌ನಲ್ಲಿ ಬೇಕಾದಷ್ಟಿದ್ದರೂ ಫೊಪ್ಪ ಆರಿಸಿಕೊಂಡದ್ದು ಇದನ್ನು. ದಾರಿಯನ್ನು ಅನುವಾದವೂ ಹದಮಾಡಿಟ್ಟಿತ್ತು. ಮ್ಯಾಕ್‌ಫರ್ಸನ್ ಬರೆದದ್ದು ಲಯಬದ್ಧ ಗದ್ಯ. ಪಾದುವಾದ ಮೆಲ್ಕಿಯೊರೆ ಚೆಸರೊಟ್ಟಿ 1763ರಲ್ಲಿ ಅದನ್ನು ಇಟಾಲಿಯನ್‌ಗೆ ತಂದಾಗ ಕಥನಕ್ಕೆ ಪ್ರಾಸವಿಲ್ಲದ ಸಾಲುಗಳನ್ನೂ ಹಾಡಿನ ಭಾಗಗಳಿಗೆ ಭಾವಗೀತೆಯ ಛಂದಸ್ಸನ್ನೂ ಬಳಸಿದ. ಮಾತಿನಂತೆ ಸಾಗುವ ರೆಸಿಟೆಟಿವ್, ಭಾವ ಉಕ್ಕುವಲ್ಲಿ ಆರಿಯಾ ಎಂಬ ಒಪೆರಾದ ವಿಂಗಡಣೆಯೂ ಹೆಚ್ಚುಕಡಿಮೆ ಇದೇ.

ಈ ಕಾವ್ಯಗಳ ಪ್ರಾಚೀನತೆಯೇ ಸುಳ್ಳಲ್ಲವೇ ಎಂದು ಕೇಳಬಹುದು. ಸ್ಯಾಮ್ಯುಯೆಲ್ ಜಾನ್ಸನ್ ಆಗಲೇ ಅವನ್ನು ಕಟ್ಟುಕಥೆ ಎಂದು ತಳ್ಳಿಹಾಕಿದ್ದ. ಮ್ಯಾಕ್‌ಫರ್ಸನ್ ನಿಜವಾದ ಗೇಲಿಕ್ ಲಾವಣಿಗಳಿಂದ ಹೆಸರು, ಪ್ರಸಂಗಗಳನ್ನು ಎತ್ತಿಕೊಂಡರೂ ಬಹುಪಾಲು ತಾನೇ ಹೊಸೆದ ಎಂಬುದು ಇಂದಿನ ವಿದ್ವಾಂಸರ ಸಾಮಾನ್ಯ ನಿಲುವು. ಅದರಿಂದ ಈ ವಾದ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ: ಹದಿನೆಂಟನೇ ಶತಮಾನದ ಲೇಖಕನ ಕಣ್ಣೀರು, ಔದಾರ್ಯಗಳು ಅದೇ ಕಾಲದ ರಂಗಕ್ಕೆ ಒಗ್ಗದೆ ಇನ್ನೇನು? ಹಾಗಾದರೆ ಸ್ಕಾಟ್ಲೆಂಡಿನವರೆಗೆ ಹೋಗುವ ಅಗತ್ಯವೇನಿತ್ತು? ಒಪೆರಾ ಸಾಹಿತ್ಯ ಬರೆದ ಮೆಟಾಸ್ಟಾಸಿಯೊನ ‘ಅರ್ತಸೆರ್ಸೆ’ ಒಂದಕ್ಕೇ ಹತ್ತಾರು ಸಂಗೀತಗಾರರು ರಾಗ ಹೊಂದಿಸಿ ಆಗಿತ್ತು. ಅಚ್ಚು ಮುರಿಯದೆ ದೃಶ್ಯ ಬದಲಿಸುವುದು ಬೇಕಾಗಿತ್ತು. ಆ ಬದಲಾವಣೆ ಬರಿಯ ಅಲಂಕಾರವಾಗಿ ಉಳಿಯಲಿಲ್ಲ. 1806ರಲ್ಲಿ ಪ್ಯಾರಿಸ್ಸಿನ ಮೆಯುಲ್ ತನ್ನ ಒಸಿಯನ್ ಒಪೆರಾ ‘ಉತಾಲ್’ನ ಮಬ್ಬು ಬಣ್ಣಕ್ಕಾಗಿ ವಾದ್ಯವೃಂದದಿಂದ ಪಿಟೀಲುಗಳನ್ನೇ ಕೈಬಿಟ್ಟ. ಹಳೆಯ ಅಚ್ಚಿಗೆ ಹೊಂದಿಕೊಂಡು ಒಳಗೆ ಬಂದ ಕಥೆಗಳೇ ಕ್ರಮೇಣ ಒಪೆರಾದ ನಾದವನ್ನೂ ಬದಲಿಸತೊಡಗಿದವು.